ಹೊಸ ಚಾಳೀಸು: ನೋಡುವವರು ಯಾರು, ತೋರಿಸುವವರು ಯಾರು?

(ಬೈಲಹೊಂಗಲದಲ್ಲಿ ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ. ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದಲೂ ಸಂಗಾತಿಗಳು ಬಂದಿದ್ದರು.)



ಪಗಾರ, ಬೋನಸ್ಸು, ಹತ್ತಿಯ ದರ ಇವನ್ನೆಲ್ಲ ಬಿಟ್ಟು ಇಂದು ಚಾಳೀಸಿನ ಮಾತು ಏಕೆ ಎಂದು ಹಿಂದೆ ಕುಳಿತ ಹಿರಿಯರು ನಗುತ್ತಿರುವದು ನಮಗೆ ಕಾಣುತ್ತದೆ. ನಗಲಿ. ಆದರೆ ಈ ಮಾತು ಕೊನೆಗೆ ಪಗಾರಕ್ಕೂ ದರಕ್ಕೂ ಬಂದು ಮುಟ್ಟುವದು. ಆದುದರಿಂದ ಸ್ವಲ್ಪ ಹೊತ್ತು ಸಮಾಧಾನದಿಂದ ಕೇಳಬೇಕೆಂದು ವಿನಂತಿ.

ನಲವತ್ತು ತುಂಬಿದವನಿಗೆ ‘ಚಾಳೀಸು ಬಂತು’ ಎನ್ನುವದು ನಮ್ಮ ಕಡೆಯ ಮಾತು. ಚಾಳೀಸ ಎಂದರೆ ನಲವತ್ತು. ರಾಮದುರ್ಗ, ಸುರೇಬಾನಗಳ ಮಗ್ಗದ ಮನೆಗಳಲ್ಲಿ ಎಳೆ ಹರಿದಾಗ ಗಂಟು ಹಾಕಲಿಕ್ಕೆ ಕಣ್ಣು ಸಾಲದೆ ಹೋದ ನೇಕಾರನಿಗೆ ಚಾಳೀಸು ಅನ್ನ ಕೊಡುವ ವಸ್ತು. ಅದಕ್ಕೆ ಈವರೆಗೆ ಒಂದೇ ಕೆಲಸವಿತ್ತು. ಎದುರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವದು. ಈಗ ಬಂದಿರುವ ಹೊಸ ಚಾಳೀಸು ಮೂರು ಕೆಲಸ ಮಾಡುತ್ತದೆ. ಎದುರಿಗೆ ಇದ್ದದ್ದನ್ನು ತೋರಿಸುತ್ತದೆ. ಇಲ್ಲದ್ದನ್ನೂ ಅದರ ಮೇಲೆ ಬರೆದು ತೋರಿಸುತ್ತದೆ. ಹಾಕಿಕೊಂಡವನು ಏನು ನೋಡಿದ ಎಂಬುದನ್ನು ಮತ್ತೊಬ್ಬರಿಗೆ ಹೇಳುತ್ತದೆ. ನಮ್ಮ ಮಾತೆಲ್ಲ ಈ ಮೂರನೆಯ ಕೆಲಸದ ಮೇಲೆ ಇದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೇನಲ್ಲ. 1968ರಲ್ಲಿ ಅಮೇರಿಕದ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ ತಲೆಗೆ ತೊಡುವ ಇಂಥ ಯಂತ್ರವನ್ನು ಮಾಡಿದ. ಅದು ಎಷ್ಟು ಭಾರವಾಗಿತ್ತೆಂದರೆ ಮೇಲಿನ ಛತ್ತಿಗೆ ತೂಗುಹಾಕಬೇಕಾಯಿತು. 1990ರ ಸುಮಾರಿಗೆ ಬೋಯಿಂಗ್ ವಿಮಾನ ಕಾರಖಾನೆಯಲ್ಲಿ, ಯಾವ ತಂತಿ ಎಲ್ಲಿಗೆ ಎಂಬುದನ್ನು ಕೆಲಸಗಾರನ ಕಣ್ಣಮುಂದೆಯೇ ಮೂಡಿಸಬೇಕೆಂಬ ಆಲೋಚನೆ ಬಂತು. ಅಂದರೆ ಇದು ಮೊದಲಿನಿಂದಲೂ ಕಾರಖಾನೆಯ ಕೂಸು. 2013ರಲ್ಲಿ ಗೂಗಲ್ ಕಂಪನಿ 1500 ಡಾಲರಿಗೆ ಒಂದರಂತೆ ಕನ್ನಡಕ ಮಾರಲು ಹೊರಟಿತು. ಜನ ಮೆಚ್ಚಲಿಲ್ಲ, ಎದುರಿಗೆ ಕುಳಿತವನು ನಮ್ಮ ಚಿತ್ರ ತೆಗೆಯುತ್ತಿರುವನೋ ಏನೋ ಎಂದು ಅಂಜಿದರು. 2015ರಲ್ಲಿ ಆ ಮಾರಾಟ ನಿಂತಿತು. ಆದರೆ ವಿಚಾರ ಸಾಯಲಿಲ್ಲ. ಮೆಟಾ ಕಂಪನಿಯ ರೇ-ಬಾನ್ ಕನ್ನಡಕ 2025ರ ಮೇ ತಿಂಗಳಲ್ಲಿ ನಮ್ಮ ದೇಶದ ಪೇಟೆಗೂ ಬಂತು. ಅಂದಿನ ಆರಂಭದ ಬೆಲೆ 29,900 ರೂಪಾಯಿ. ನೋಡಲಿಕ್ಕೆ ಸಾದಾ ಕನ್ನಡಕ. ಚೌಕಟ್ಟಿನಲ್ಲಿ ಸಣ್ಣ ಕ್ಯಾಮರಾ, ಮಾತು ಹಿಡಿಯುವ ಮೈಕು, ಕಿವಿಯ ಹತ್ತಿರ ನುಡಿಯುವ ಸ್ಪೀಕರು. ಅದೇ ವರ್ಷದ ಸಪ್ಟಂಬರದಲ್ಲಿ ಗಾಜಿನಲ್ಲಿಯೇ ಅಕ್ಷರ ಮೂಡುವ ಮತ್ತೊಂದು ಕನ್ನಡಕವನ್ನು ಅಮೇರಿಕದಲ್ಲಿ 799 ಡಾಲರಿಗೆ ಹೊರತಂದರು. ಕಂಡದ್ದನ್ನೂ ಕೇಳಿದ್ದನ್ನೂ ಅದು ಕಿಸೆಯ ಮೊಬೈಲಿಗೆ ಕೊಡುತ್ತದೆ. ಮೊಬೈಲು ಎಲ್ಲಿಯೋ ಇರುವ ಕಂಪನಿಯ ಗಣಕಯಂತ್ರಗಳಿಗೆ ಕಳಿಸುತ್ತದೆ. ಅಲ್ಲಿಂದ ಉತ್ತರ ಬರುತ್ತದೆ. ಉತ್ತರ ನಮಗೆ ಬರುತ್ತದೆ, ಕಂಡದ್ದು ಅವರಿಗೆ ಹೋಗುತ್ತದೆ.

ಮೊದಲು ಇದರ ಒಳ್ಳೆಯ ಗುಣವನ್ನು ಹೇಳಿಬಿಡುತ್ತೇವೆ. ಯಂತ್ರ ಕಂಡರೆ ಕಲ್ಲು ಎತ್ತುವವರು ನಾವಲ್ಲ. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಎಂಬ ಸಂಸ್ಥೆ ಕಣ್ಣಿಲ್ಲದವರಿಗಾಗಿ ಕನ್ನಡಕ ಮಾಡಿದೆ. ಅದು ಎದುರಿನ ಅಕ್ಷರ ಓದಿ ಕಿವಿಯಲ್ಲಿ ಹೇಳುತ್ತದೆ, ದಾರಿಗೆ ಅಡ್ಡ ಏನಿದೆ ಎಂದು ತಿಳಿಸುತ್ತದೆ. ಬಸ್ಸಿನ ಬೋರ್ಡು ಓದಲಾರದೆ ನಿಲ್ದಾಣದಲ್ಲಿ ಹತ್ತು ಮಂದಿಯನ್ನು ಕೇಳುತ್ತ ನಿಲ್ಲುವ ಕುರುಡ ತಮ್ಮನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವದು? ಕಿವಿ ಕೇಳದವರಿಗೆ ಎದುರಿನವರ ಮಾತು ಅಕ್ಷರವಾಗಿ ಮೂಡುವದೂ ಸಣ್ಣ ಮಾತಲ್ಲ. ಇಂಥ ಕನ್ನಡಕ ಸರಕಾರಿ ದವಾಖಾನೆಯಲ್ಲಿ ಬಡವರಿಗೆ ಪುಕ್ಕಟೆ ಸಿಗಬೇಕೆಂದೇ ನಾವು ಕೇಳುತ್ತೇವೆ. ಜಿನ್ನಿನ ಯಂತ್ರ ಕೆಟ್ಟಾಗ ದೂರದ ಊರಿನ ಮಿಸ್ತ್ರಿಯು ಇಲ್ಲಿಯ ಹುಡುಗನ ಕಣ್ಣಿನಿಂದ ನೋಡಿ ‘ಈ ಬೋಲ್ಟು ಬಿಚ್ಚು’ ಎಂದು ಹೇಳಿಕೊಡುವದಾದರೆ ಅದಕ್ಕೂ ಸ್ವಾಗತವೇ.

ಇನ್ನು ಗಿರಣಿಯೊಳಗೆ ಹೋಗೋಣ.

ಹಾಲೆಂಡಿನ ಒಂದು ದೊಡ್ಡ ಗೋದಾಮಿನಲ್ಲಿ ಡಿಎಚ್‌ಎಲ್ ಸಾಗಾಣಿಕೆ ಕಂಪನಿ ಇಂಥ ಕನ್ನಡಕದ ಪ್ರಯೋಗ ಮಾಡಿತು. ಯಾವ ಕಪಾಟಿನಿಂದ ಯಾವ ಮಾಲು ತೆಗೆಯಬೇಕೆಂಬುದು ಕೆಲಸಗಾರನ ಕಣ್ಣಮುಂದೆ ಮೂಡುತ್ತಿತ್ತು. ಕೆಲಸ ಶೇಕಡಾ 25ರಷ್ಟು ಹೆಚ್ಚಾಯಿತೆಂದು ಕಂಪನಿಯು 2015ರಲ್ಲಿ ಹೇಳಿತು. ಒಳ್ಳೆಯದು. ನಮ್ಮ ಪ್ರಶ್ನೆ ಒಂದೇ. ಆ 25ರಲ್ಲಿ ಕೆಲಸಗಾರನ ಪಾಲು ಎಷ್ಟು? ನೂರು ಮೂಟೆಯ ಜಾಗದಲ್ಲಿ ನೂರಾ ಇಪ್ಪತ್ತೈದು ಮೂಟೆ ಹೊತ್ತ ಹಮಾಲನು ಮೊದಲಿನ ಕೂಲಿಯನ್ನೇ ಒಯ್ದರೆ, ಉಳಿದ ಇಪ್ಪತ್ತೈದು ಮೂಟೆಯನ್ನು ಅವನು ಪುಕ್ಕಟೆ ಹೊತ್ತ ಹಾಗೆ.

ಎರಡನೆಯ ಮಾತು ಇದಕ್ಕಿಂತ ಆಳದ್ದು. ನೇಕಾರ ಬಂಧುಗಳಿಗೆ ಜಕಾರ್ಡ ಗೊತ್ತು. 1804ರ ಸುಮಾರಿಗೆ ಫ್ರಾನ್ಸ ದೇಶದ ಲಿಯೋನ್ ಪಟ್ಟಣದ ಜಕಾರ್ಡ ಎಂಬವನು ಅದನ್ನು ಮಾಡಿದ. ಅದಕ್ಕೆ ಮೊದಲು ಹೂವು ಬಳ್ಳಿ ಮೂಡಿಸಬೇಕಾದರೆ ಯಾವ ಎಳೆ ಯಾವಾಗ ಏಳಬೇಕೆಂಬುದು ನೇಕಾರನ ತಲೆಯಲ್ಲಿ ಇರುತ್ತಿತ್ತು, ದಾರ ಎಳೆಯಲು ಪಕ್ಕದಲ್ಲಿ ಒಬ್ಬ ಹುಡುಗ ಇರುತ್ತಿದ್ದ. ಜಕಾರ್ಡನು ಆ ತಲೆಯೊಳಗಿನ ವಿದ್ಯೆಯನ್ನು ರಟ್ಟಿನ ತೂತುಗಳಲ್ಲಿ ಇಟ್ಟ. ತೂತಿನ ರಟ್ಟು ಯಾರ ಕೈಯಲ್ಲಿಯೋ ವಿದ್ಯೆ ಅವರದಾಯಿತು. ಇಂದಿನ ಕನ್ನಡಕವು ಮಾಡಬಹುದಾದದ್ದೂ ಇದನ್ನೇ. ಅಂದು ನೇಯ್ಗೆಯ ಚಿತ್ರ ಹೋಯಿತು. ಇಂದು ಕೈಯ ಚಲನೆಯೇ ಹೋಗುತ್ತದೆ.

ಕಟ್ಟುಕತೆ ಎನ್ನಬೇಡಿರಿ. ತಮಿಳುನಾಡಿನ ಕರೂರು ಟಾವೆಲು, ಚಾದರ ನೇಯುವ ಊರು. ಅಲ್ಲಿ ಯುವ ಕೆಲಸಗಾರರು ಹಣೆಗೆ ಕ್ಯಾಮರಾ ಕಟ್ಟಿಕೊಂಡು ದಿನವಿಡೀ ಟಾವೆಲು ಮಡಿಚುತ್ತಿರುವ ಸುದ್ದಿ 2025ರಲ್ಲಿ ಹೊರಬಂತು. ಟಾವೆಲು ಮಾರುವದಕ್ಕಾಗಿ ಮಡಿಚಿದ್ದಲ್ಲ. ಕೈ ಹೇಗೆ ಹೋಗುತ್ತದೆ, ಬೆರಳು ಎಲ್ಲಿ ಹಿಡಿಯುತ್ತದೆ ಎಂಬ ಚಿತ್ರವನ್ನು ತೆಗೆದು ಪರದೇಶದ ಯಂತ್ರಮಾನವರಿಗೆ ಕಲಿಸುವದಕ್ಕಾಗಿ. ಅವರಿಗೆ ಆ ಕೆಲಸಕ್ಕೆಂದೇ ಪಗಾರವಿತ್ತು, ಏನು ಮಾಡುತ್ತಿದ್ದೇವೆಂಬುದೂ ಗೊತ್ತಿತ್ತು. ಆದರೆ ನಾಳೆ ನಿಮ್ಮ ಖಾತೆಯಲ್ಲಿ ‘ಸುರಕ್ಷೆಗಾಗಿ’ ಎಂದು ಹೇಳಿ ಒಂದು ಕನ್ನಡಕ ಕೊಟ್ಟರೆ ಏನಾಗುವದು? ಇಪ್ಪತ್ತು ವರ್ಷ ಹತ್ತಿಯ ಧೂಳು ಕುಡಿದು ಕಲಿತ ಕೈಚಳಕ ಆರು ತಿಂಗಳಲ್ಲಿ ನಿಮಗೆ ತಿಳಿಯದೆಯೇ ಮಾಲಕನ ಪೆಟ್ಟಿಗೆ ಸೇರುವದು. ಗುರುವಿಗೆ ದಕ್ಷಿಣೆಯೂ ಇಲ್ಲ, ಕೊನೆಗೆ ಗುರುವಿಗೇ ಕೆಲಸವಿಲ್ಲ.

ಮೂರನೆಯದು ಕಾವಲು. 2020ರ ಸುಮಾರಿಗೆ ಚಂಡೀಗಢ, ನಾಗಪುರಗಳಲ್ಲಿ ಪೌರಕಾರ್ಮಿಕರ ಮುಂಗೈಗೆ ಗಡಿಯಾರ ಕಟ್ಟಿಸಿದರು. ಕಸಬರಿಗೆ ಹಿಡಿದ ಅಕ್ಕ ಎಲ್ಲಿ ನಿಂತಳು, ಎಷ್ಟು ಹೊತ್ತು ನಿಂತಳು ಎಂಬುದು ಕಚೇರಿಯ ಪಡದೆಯ ಮೇಲೆ ಕಾಣುತ್ತಿತ್ತು. ಶೌಚಕ್ಕೆ ಹೋಗಲಿಕ್ಕೂ ಅಂಜಿಕೆಯಾಗುತ್ತದೆಂದು ಹೆಣ್ಣುಮಕ್ಕಳು ದೂರಿದರು. ಮುಂಗೈಯ ಗಡಿಯಾರ ಎಲ್ಲಿದ್ದೀರೆಂದು ಹೇಳುತ್ತಿತ್ತು. ಕಣ್ಣಿನ ಕನ್ನಡಕವಾದರೆ ಯಾರ ಕೂಡ ಮಾತಾಡಿದಿರಿ, ಏನು ಓದಿದಿರಿ, ಯಾವ ಸಭೆಗೆ ಕುಳಿತಿರಿ ಎಂಬುದನ್ನೂ ಹೇಳೀತು.

ಈಗ ವ್ಯಾಪಾರಿ ಬಂಧುಗಳ ಕಡೆಗೆ ತಿರುಗುತ್ತೇವೆ. ‘ಇದು ಗಿರಣಿಯವರ ಗೋಳು, ನಮಗೇನು’ ಎಂದು ಕುಳಿತಿದ್ದರೆ ಸ್ವಲ್ಪ ಕೇಳಿರಿ.

2016ರ ಜುಲೈದಲ್ಲಿ ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಜಗತ್ತನ್ನೆಲ್ಲ ಹುಚ್ಚೆಬ್ಬಿಸಿತು. ಬೀದಿಯಲ್ಲಿ ಇಲ್ಲದ ಬೊಂಬೆಗಳು ಮೊಬೈಲಿನೊಳಗೆ ಬೀದಿಯಲ್ಲಿಯೇ ಇರುವ ಹಾಗೆ ಕಾಣುವವು. ಅವನ್ನು ಹಿಡಿಯಲು ಜನ ಓಡುವರು. ಜಪಾನದಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ಆಟದವರ ಕೂಡ ಒಪ್ಪಂದ ಮಾಡಿಕೊಂಡು ತನ್ನ ಸುಮಾರು 3000 ಹೊಟೇಲುಗಳನ್ನು ಆಟದ ಠಾಣೆಗಳನ್ನಾಗಿ ಮಾಡಿಸಿಕೊಂಡಿತು. ಗಿರಾಕಿಯ ಕಾಲು ದುಡ್ಡು ಕೊಟ್ಟವನ ಬಾಗಿಲಿಗೆ ತಾನಾಗಿ ತಿರುಗಿತು.

ಇದನ್ನೇ ಬೈಲಹೊಂಗಲದ ಪೇಟೆಗೆ ಹಚ್ಚಿ ನೋಡಿರಿ. ಒಂದು ಬೀದಿಯಲ್ಲಿ ನಲವತ್ತು ಅಂಗಡಿ. ಕನ್ನಡಕ ಹಾಕಿದ ಗಿರಾಕಿಗೆ ಕಂಪನಿಗೆ ದುಡ್ಡು ಕಟ್ಟಿದ ನಾಲ್ಕು ಅಂಗಡಿಯ ಮೇಲೆ ದೀಪ ಹತ್ತುತ್ತದೆ. ಉಳಿದ ಮೂವತ್ತಾರು ಇದ್ದೂ ಇಲ್ಲದ ಹಾಗೆ. ನೀವು ಸಾವಿರಾರು ರೂಪಾಯಿ ಕೊಟ್ಟು ಬರೆಸಿದ ಬೋರ್ಡಿನ ಮೇಲೆ ದೊಡ್ಡ ಕಂಪನಿಯ ಜಾಹೀರಾತು ಮೂಡುತ್ತದೆ. ಸೋಪಿನ ಮೇಲೆ ಕಣ್ಣು ಬಿದ್ದ ಕೂಡಲೆ ‘ಇದು ಆನ್‌ಲೈನಿನಲ್ಲಿ ಎರಡು ರೂಪಾಯಿ ಸೋವಿ’ ಎಂದು ಕಿವಿಯಲ್ಲಿ ಹೇಳುತ್ತದೆ. ನೀವು ಉದ್ರಿ ಕೊಡುವಿರಿ, ಕೆಲಸವಿಲ್ಲದ ತಿಂಗಳಲ್ಲಿ ನೇಕಾರನ ಮನೆಗೆ ಜೋಳ ಕಳಿಸುವಿರಿ ಎಂಬುದನ್ನು ಆ ಕನ್ನಡಕ ಹೇಳುವದೇ? ಅದಕ್ಕೆ ಆ ಲೆಕ್ಕ ಗೊತ್ತಿಲ್ಲ. ದನದ ಸಂತೆಯಲ್ಲಿ ಟಾವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ರೂಢಿ ನಮ್ಮ ಹಿರಿಯರದು. ಅದರಲ್ಲಿ ದಲ್ಲಾಳಿಯ ಮೋಸವೂ ಇದ್ದದ್ದುಂಟು. ಬಹಿರಂಗ ದರ ರೈತನಿಗೆ ಒಳ್ಳೆಯದೇ. ಆದರೆ ಒಂದು ಕಡೆಯವನಿಗೆ ಎಲ್ಲವೂ ಕಂಡು, ಮತ್ತೊಂದು ಕಡೆಯವನಿಗೆ ಏನೂ ಕಾಣದಿದ್ದರೆ ಅದು ಬಹಿರಂಗವೆನಿಸುವದಿಲ್ಲ. ಟಾವೆಲು ಒಬ್ಬನ ಕಣ್ಣಿಗೆ ಮಾತ್ರ ಕಟ್ಟಿದ ಹಾಗೆ ಆಗುವದು.

ಸವದತ್ತಿಯ ಅಕ್ಕತಂಗಿಯರು ಇಲ್ಲಿ ಬಂದಿದ್ದಾರೆ. ಭರತ ಹುಣ್ಣಿವೆಗೆ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುವರು. ಎಣ್ಣೆಹೊಂಡದಲ್ಲಿ ಹೆಣ್ಣುಮಕ್ಕಳು ಸ್ನಾನ ಮಾಡುವರು. ಮೊಬೈಲು ಎತ್ತಿದವನ ಕೈಯನ್ನು ನಾಲ್ಕು ಮಂದಿ ಹಿಡಿಯಬಹುದು. ಸಾದಾ ಚಾಳೀಸು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತವನನ್ನು ಯಾರು ಹಿಡಿಯಬೇಕು? ಚಿತ್ರ ತೆಗೆಯುವಾಗ ಸಣ್ಣ ದೀಪ ಹತ್ತುತ್ತದೆ ಎಂದು ಕಂಪನಿ ಹೇಳುತ್ತದೆ. ಹಗಲು ಬಿಸಿಲಿನಲ್ಲಿ, ಜಾತ್ರೆಯ ಗದ್ದಲದಲ್ಲಿ ಆ ದೀಪವನ್ನು ನೋಡುವವರಾರು? ಅದನ್ನು ಕೆಡಿಸುವ ವಿದ್ಯೆಯನ್ನೂ ಜನ ಆಗಲೇ ಕಂಡುಹಿಡಿದಿದ್ದಾರೆ. ಹೆಂಗಸಿನ ಖಾಸಗಿ ಚಿತ್ರವನ್ನು ಕದ್ದು ತೆಗೆಯುವದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಕಾನೂನು ಇದೆ. ಆದರೆ ಕಳವು ಗೊತ್ತಾದರಲ್ಲವೆ ಫಿರ್ಯಾದಿ?

2024ರಲ್ಲಿ ಅಮೇರಿಕದ ಹಾರ್ವರ್ಡ್ ವಿದ್ಯಾಪೀಠದ ಇಬ್ಬರು ವಿದ್ಯಾರ್ಥಿಗಳು ಇಂಥದೇ ಕನ್ನಡಕ ಹಾಕಿ, ಗುರುತಿಲ್ಲದವರ ಮುಖದ ಮೇಲಿಂದ ಅವರ ಹೆಸರು, ಮನೆಯ ವಿಳಾಸ ತೆಗೆಯಬಹುದೆಂದು ತೋರಿಸಿದರು. ಜನ ಎಚ್ಚರಾಗಲಿ ಎಂದು ಅವರು ಮಾಡಿದ್ದು. ಚೀನ ದೇಶದ ಝೆಂಗ್‌ಝೌ ರೈಲು ನಿಲ್ದಾಣದಲ್ಲಿ 2018ರಲ್ಲಿಯೇ ಪೊಲೀಸರು ಮುಖ ಗುರುತಿಸುವ ಕನ್ನಡಕ ಹಾಕಿಕೊಂಡು ನಿಂತಿದ್ದರು. ಮುಷ್ಕರದ ಮೆರವಣಿಗೆಯಲ್ಲಿ ನಡೆದವನ ಮುಖ ಮರುದಿನ ಗಿರಣಿಯ ಬಾಗಿಲಲ್ಲಿ ಗುರುತಾದರೆ ಆಗುವದೇನೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಿತ್ತೂರಿನ ಬಂಧುಗಳಿಗೆ ಒಂದು ಮಾತು. 2010ರ ನಂತರ ಹಂಪಿಯನ್ನು ಗಣಕಯಂತ್ರದಲ್ಲಿ ಮರಳಿ ಕಟ್ಟುವ ಸರಕಾರಿ ಯೋಜನೆ ನಡೆಯಿತು. ಹುಬ್ಬಳ್ಳಿಯ ಬಿ.ವಿ.ಬಿ. ತಾಂತ್ರಿಕ ಕಾಲೇಜಿನವರೂ ಅದರಲ್ಲಿ ದುಡಿದರು. ನಾಳೆ ಕಿತ್ತೂರ ಕೋಟೆಯಲ್ಲಿ ಕನ್ನಡಕ ಹಾಕಿದ ಹುಡುಗನಿಗೆ ಹಾಳುಗೋಡೆಯ ಮೇಲೆ ಅರಮನೆ ಎದ್ದು ನಿಂತೀತು. 1824ರ ಅಕ್ಟೋಬರ 23ರಂದು ಥ್ಯಾಕರೆ ಬಿದ್ದ ಕಾಳಗ ಕಂಡೀತು. ನಮಗೂ ಸಂತೋಷವೇ. ಆದರೆ ಆ ಚಿತ್ರಕ್ಕೆ ಮಾತು ಬರೆಯುವವರು ಯಾರು? ಚೆನ್ನಮ್ಮನನ್ನು ದಂಗೆಕೋರಳೆಂದು ಬರೆದ ಕಂಪನಿ ಸರಕಾರದ ಕಾಗದಗಳೂ ಉಂಟು. ಇದೇ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಅವಳು ಪ್ರಾಣ ಬಿಟ್ಟಳು. ಅವಳ ಸಮಾಧಿ ಇಲ್ಲಿಯೇ ಇದೆ. ಅಂದು ವ್ಯಾಪಾರದ ಕಂಪನಿಯೇ ದತ್ತಕ ಸಲ್ಲದೆಂದು ತೀರ್ಪು ಹೇಳಿತು. ಇಂದು ನಮ್ಮ ಕಣ್ಣಿಗೆ ಯಾವದು ನಿಜವೆಂದು ಹೇಳುವ ಅಧಿಕಾರವನ್ನು ಮತ್ತೊಂದು ಕಂಪನಿಗೆ ಕೊಡುವ ಮೊದಲು ಈ ಊರಿನವರಾದರೂ ಎರಡು ಸಲ ವಿಚಾರಿಸಬೇಕು.

ಹಾಗಾದರೆ ಮಾಡತಕ್ಕದ್ದೇನು? ಕೈಕಟ್ಟಿ ಕೂಡುವದು ಬೇಕಿಲ್ಲ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರದ ವಿರುದ್ಧ ಸುಪ್ರೀಮ್ ಕೋರ್ಟಿಗೆ ಹೋದರು. ಆ ದಾವೆಯಲ್ಲಿಯೇ 2017ರ ಆಗಸ್ಟ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದರು. ಆ ಹಕ್ಕು ಸಾಹೇಬನಿಗಿದ್ದಷ್ಟೇ ಹಮಾಲನಿಗೂ ಇದೆ. 2023ರಲ್ಲಿ ಮಾಹಿತಿ ರಕ್ಷಣೆಯ ಕಾನೂನು ಬಂತು. ಅದರ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾದವು. ಆದರೆ ಅದರ 7ನೆಯ ಕಲಮನ್ನು ಓದಿರಿ. ನೌಕರಿಯ ಉದ್ದೇಶಕ್ಕಾಗಿ ಮಾಲಕನು ಕೆಲಸಗಾರನ ಒಪ್ಪಿಗೆ ಇಲ್ಲದೆಯೂ ಅವನ ಮಾಹಿತಿಯನ್ನು ಬಳಸಲು ಅಲ್ಲಿ ದಾರಿ ಇದೆ. ಮನೆಗೆ ಬಾಗಿಲು ಹಚ್ಚಿ ಗೋಡೆ ಬಿಟ್ಟ ಹಾಗಾಯಿತು. ಮತ್ತೊಂದು ಆಯುಧ ನಮ್ಮ ಕೈಯಲ್ಲಿದೆ. 2025ರ ನವೆಂಬರ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯ 40ನೆಯ ಕಲಮಿನಂತೆ, ಕೆಲಸಗಾರರನ್ನು ಕಡಿಮೆ ಮಾಡಬಹುದಾದ ಹೊಸ ತಂತ್ರವನ್ನು ತರುವ ಮೊದಲು ಮಾಲಕನು ನೋಟೀಸು ಕೊಟ್ಟು 21 ದಿನ ಕಾಯಬೇಕು. ಹಳೆಯ 1947ರ ಕಾಯ್ದೆಯಲ್ಲಿಯೂ ಇದು ಇತ್ತು. ಆ 21 ದಿನಗಳನ್ನು ನಿದ್ದೆಯಲ್ಲಿ ಕಳೆಯಬಾರದು.

ನಮ್ಮ ಬೇಡಿಕೆಗಳು ನಾಲ್ಕೇ. ಒಂದು: ಕೆಲಸಗಾರರ ಸಂಘದ ಲಿಖಿತ ಒಪ್ಪಿಗೆ ಇಲ್ಲದೆ ಯಾರ ಕಣ್ಣಿಗೂ ಹಣೆಗೂ ಕ್ಯಾಮರಾ ಕಟ್ಟಬಾರದು. ಎರಡು: ಕೈಯ ವಿದ್ಯೆಯನ್ನು ಚಿತ್ರ ಮಾಡಿ ಒಯ್ದರೆ ಅದಕ್ಕೆ ಬೇರೆ ಬೆಲೆ ಕೊಡಬೇಕು, ಹೆಚ್ಚಿದ ಕೆಲಸದಲ್ಲಿ ಪಾಲು ಕೊಡಬೇಕು. ಮೂರು: ಸ್ನಾನಘಟ್ಟ, ದವಾಖಾನೆ, ಶಾಲೆಗಳಲ್ಲಿ ಇಂಥ ಕನ್ನಡಕಕ್ಕೆ ಪ್ರವೇಶ ಬೇಡವೆಂದು ಪುರಸಭೆಗಳೂ ದೇವಸ್ಥಾನದ ಆಡಳಿತದವರೂ ಈಗಲೇ ಬೋರ್ಡು ಹಚ್ಚಬೇಕು, ಕುರುಡರ ಕನ್ನಡಕಕ್ಕೆ ಮಾತ್ರ ವಿನಾಯಿತಿ. ನಾಲ್ಕು: ಪೇಟೆಯ ಬೀದಿಯ ಮೇಲೆ ಏನು ಮೂಡಬೇಕು, ಏನು ಮೂಡಬಾರದು ಎಂಬುದರಲ್ಲಿ ಆ ಪೇಟೆಯ ವ್ಯಾಪಾರಿಗಳ ಮಾತು ನಡೆಯಬೇಕು.

ಗಿರಣಿಯವನೂ ಅಂಗಡಿಯವನೂ ಒಂದೇ ಜಮಖಾನೆಯ ಮೇಲೆ ಕೂಡುವದು ಅಪರೂಪ. ಇಂದು ಕೂಡಿದ್ದೀರಿ. ಒಬ್ಬನ ಕೈಯ ಕಸಬು, ಮತ್ತೊಬ್ಬನ ಬಾಗಿಲ ಗಿರಾಕಿ, ಎರಡನ್ನೂ ಒಯ್ಯುವ ಚೀಲ ಒಂದೇ. ಆದುದರಿಂದ ಮನೆಗೆ ಹೋಗುವ ಮೊದಲು, ಈ ನಾಲ್ಕು ಬೇಡಿಕೆಗಳ ಕಾಗದ ಆ ಮೇಜಿನ ಮೇಲೆ ಇದೆ, ಓದಿ ಸಹಿ ಮಾಡಿರಿ. ಅಕ್ಷರ ಸಣ್ಣವಾಗಿ ಕಂಡರೆ ಪಕ್ಕದವರ ಹಳೆಯ ಚಾಳೀಸು ಇಸಿದುಕೊಳ್ಳಿರಿ. ಅದು ಯಾರಿಗೂ ಚಾಡಿ ಹೇಳುವದಿಲ್ಲ.