ರುಚಿಮೊಗ್ಗಿನ ಆಯುಷ್ಯ ಹತ್ತು ದಿನ
(ದೊಡ್ಡಗದ್ದವಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



ನಮ್ಮ ಮನೆಗಳಲ್ಲಿ ಆಗಾಗ ಒಂದು ಮಾತು ಕೇಳಿಬರುತ್ತದೆ: "ಸಾರಿಗೆ ಉಪ್ಪೇ ಇಲ್ಲ, ಊಟಕ್ಕೆ ರುಚಿಯೇ ಇಲ್ಲ." ಹೇಳುವವರು ಹೆಚ್ಚಾಗಿ ಮನೆಯ ಹಿರಿಯರು ಅಥವಾ ಕಾಯಿಲೆಯಿಂದ ಎದ್ದವರು. ಕೇಳಿಸಿಕೊಳ್ಳುವವರು ಅಡುಗೆ ಮಾಡಿದ ತಾಯಿ, ಇಲ್ಲವೇ ಸೊಸೆ. ಕೊರತೆ ಇರುವುದು ಅಡುಗೆಯಲ್ಲೋ, ನಾಲಿಗೆಯಲ್ಲೋ? ಈ ಪ್ರಶ್ನೆಯನ್ನು ಇಂದು ವಿಜ್ಞಾನದ ಕಡೆಯಿಂದ ನೋಡೋಣ.

ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿ. ತುದಿಯಲ್ಲಿ ಸಣ್ಣ ಸಣ್ಣ ಕೆಂಪು ಉಬ್ಬುಗಳು ಕಾಣುತ್ತವೆ. ಇವೇ ರುಚಿಮೊಗ್ಗುಗಳು ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ರುಚಿಮೊಗ್ಗುಗಳು ಈ ಉಬ್ಬುಗಳ ಒಳಗೆ ಹುದುಗಿರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಬೆಳ್ಳುಳ್ಳಿ ಗಡ್ಡೆಯಲ್ಲಿ ಎಸಳುಗಳು ಕೂಡಿರುವಂತೆ ಒಂದೊಂದು ಮೊಗ್ಗಿನಲ್ಲಿ 50ರಿಂದ 100 ಜೀವಕೋಶಗಳು ಒತ್ತಾಗಿ ನಿಂತಿರುತ್ತವೆ. ವಯಸ್ಕರ ನಾಲಿಗೆಯಲ್ಲಿ ಇಂತಹ ಮೊಗ್ಗುಗಳು ಸಾವಿರಾರು ಇವೆ. ಅಂಗುಳ ಮತ್ತು ಗಂಟಲಿನಲ್ಲೂ ಕೆಲವು ಇವೆ.

ಮೊಗ್ಗಿನ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಎಂಜಲಿನಲ್ಲಿ ಕರಗಿದ ಪದಾರ್ಥ ಮಾತ್ರ ಅದರೊಳಗೆ ಇಳಿಯಬಲ್ಲದು. ಬಾಯಿ ಒಣಗಿದವರಿಗೆ ರುಚಿ ತಿಳಿಯದಿರುವುದಕ್ಕೆ ಇದೂ ಒಂದು ಕಾರಣ. ಸಿಹಿ, ಹುಳಿ, ಉಪ್ಪು, ಕಹಿ ನಮಗೆ ಗೊತ್ತೇ ಇವೆ. ಐದನೆಯದಾದ ಉಮಾಮಿಯನ್ನು 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಗುರುತಿಸಿದರು. ಮಾಂಸದ ಸಾರಿನಲ್ಲಿ, ಹಣ್ಣಾದ ಟೊಮೆಟೊದಲ್ಲಿ ಸಿಗುವ ರುಚಿ ಅದು. ಕಹಿಯೊಂದಕ್ಕೇ ಸುಮಾರು 25 ಬಗೆಯ ಗ್ರಾಹಕಗಳಿವೆ. ಅನೇಕ ವಿಷವಸ್ತುಗಳು ಕಹಿಯಾಗಿರುವುದರಿಂದ ಈ ಕಾವಲು. ಹಾಗಲಕಾಯಿಯನ್ನೂ ಸಕಲೇಶಪುರದ ಕಾಫಿಯನ್ನೂ ಮಕ್ಕಳು ಮೊದಮೊದಲು ಉಗುಳುವುದು ಈ ಕಾವಲಿನ ಕೆಲಸವೇ.

ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ನಾಲಿಗೆಯನ್ನು ಭಾಗ ಮಾಡಿದ ಚಿತ್ರವನ್ನು ನೀವು ಪುಸ್ತಕಗಳಲ್ಲಿ ನೋಡಿರಬಹುದು. 1901ರಲ್ಲಿ ಜರ್ಮನಿಯ ಹೇನಿಗ್ ಎಂಬವರು ಕಂಡ ಸಣ್ಣ ವ್ಯತ್ಯಾಸಗಳನ್ನು ಮುಂದೆ ತಪ್ಪಾಗಿ ಅರ್ಥೈಸಿದ್ದರಿಂದ ಹುಟ್ಟಿದ ಚಿತ್ರ ಅದು. ರುಚಿಮೊಗ್ಗು ಇರುವಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ನಂಬಿಕೆ ಬಾರದಿದ್ದರೆ ನಾಲಿಗೆಯ ತುದಿಗೆ ಹಾಗಲಕಾಯಿ ರಸ ತಾಗಿಸಿ ನೋಡಿ!

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬಿಸಿ ಚಹಾ, ಖಾರ, ಉಜ್ಜಾಟ ಇವೆಲ್ಲವನ್ನೂ ಸಹಿಸುವ ರುಚಿಕೋಶ ಬಹಳ ಕಾಲ ಬಾಳುವುದಿಲ್ಲ. 1965ರಲ್ಲಿ ಬೈಡ್ಲರ್ ಮತ್ತು ಸ್ಮಾಲ್‌ಮನ್ ಇಲಿಗಳ ಮೇಲೆ ಪ್ರಯೋಗ ನಡೆಸಿ, ಈ ಕೋಶಗಳ ಸರಾಸರಿ ಆಯುಷ್ಯ ಸುಮಾರು ಹತ್ತು ದಿನ ಎಂದು ಕಂಡುಕೊಂಡರು. ಕೆಲವು ಬಗೆಯ ಕೋಶಗಳು ಹೆಚ್ಚು ವಾರ ಬಾಳುತ್ತವೆ ಎಂದು ಆಮೇಲೆ ತಿಳಿಯಿತು. ಮೊಗ್ಗಿನ ಬುಡದಲ್ಲೂ ಸುತ್ತಲೂ ಇರುವ ಆಕರಕೋಶಗಳು ಒಡೆದು ಹೊಸ ಕೋಶಗಳನ್ನು ಕೊಡುತ್ತಲೇ ಇರುತ್ತವೆ. ಹೊಸದಾಗಿ ಬಂದ ಕೋಶ ತನಗೆ ತಕ್ಕ ನರದೊಂದಿಗೆ ಸಂಪರ್ಕ ಬೆಳೆಸುತ್ತದೆ. ಆದ್ದರಿಂದಲೇ ಕೋಶಗಳು ಬದಲಾದರೂ ನಿನ್ನೆಯ ಬೆಲ್ಲ ಇಂದೂ ಸಿಹಿಯೇ. ನರ ಕತ್ತರಿಸಿದರೆ ಮೊಗ್ಗು ಬಾಡುತ್ತದೆ, ನರ ಮತ್ತೆ ಬೆಳೆದು ಬಂದರೆ ಮೊಗ್ಗೂ ಮೂಡುತ್ತದೆ.

ಈ ದುರಸ್ತಿ ನಿಂತರೆ ಏನಾಗುತ್ತದೆ? ನಮ್ಮ ಜಿಲ್ಲೆಗೆ ತಂಬಾಕು ಹೊಸದಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಅದು ಬೆಳೆ, ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯಿದೆ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲೆಯೂ ತಂಬಾಕೂ ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದು ಬಾಯಲ್ಲಿ ಒಂದಾಗುತ್ತಿವೆ. ಇದರ ಫಲವಾಗಿ ಬಾಯಿ ಕ್ಯಾನ್ಸರ್‌ಗೆ ತುತ್ತಾದ ಎಷ್ಟೋ ಜನ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲಬೇಕಾಗಿದೆ.

ವಿಕಿರಣ ಚಿಕಿತ್ಸೆ ಮತ್ತು ಕೆಲವು ಕ್ಯಾನ್ಸರ್ ಔಷಧಿಗಳು ವೇಗವಾಗಿ ಒಡೆಯುವ ಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶಗಳ ಜೊತೆಗೆ ರುಚಿಮೊಗ್ಗಿನ ಆಕರಕೋಶಗಳಿಗೂ ಪೆಟ್ಟು ಬೀಳುತ್ತದೆ. ಹಳೆಯ ಕೋಶಗಳು ಆಯುಷ್ಯ ಮುಗಿಸಿ ಹೋಗುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುವುದಿಲ್ಲ. ಬಾಯಿಗೆ ವಿಕಿರಣ ಆರಂಭವಾದ ಕೆಲವೇ ವಾರಗಳಲ್ಲಿ ಅನ್ನ ಮಣ್ಣಿನಂತಾಗುವುದು ಹೀಗೆ. ರೋಗಿ ತಟ್ಟೆ ಪಕ್ಕಕ್ಕೆ ಸರಿಸುತ್ತಾನೆ, ತೂಕ ಇಳಿಯುತ್ತದೆ, ಚಿಕಿತ್ಸೆ ತಡೆಯುವ ಶಕ್ತಿಯೂ ಇಳಿಯುತ್ತದೆ. ಚಿಕಿತ್ಸೆ ಮುಗಿದ ಮೇಲೆ ಉಳಿದ ಆಕರಕೋಶಗಳು ಮತ್ತೆ ಕೆಲಸ ಶುರುಮಾಡುತ್ತವೆ. ಹಲವರಿಗೆ ತಿಂಗಳುಗಳಲ್ಲಿ, ವರ್ಷದೊಳಗೆ ರುಚಿ ಬಹುಮಟ್ಟಿಗೆ ಮರಳುತ್ತದೆ. ಕೆಲವರಿಗೆ ಪೂರ್ತಿ ಮರಳದಿರಬಹುದು.

ಆದ್ದರಿಂದ ಪೋಷಕರೇ, ಅಂತಹವರ ಊಟವನ್ನು ಹಟವೆಂದು ಗದರಬೇಡಿ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಬಾರಿ, ಮೆತ್ತಗಿನ, ಖಾರವಿಲ್ಲದ ಆಹಾರ ಕೊಡಿ. ಹಿರಿಯರಿಗೆ ರುಚಿ ಕಡಿಮೆಯಾದರೆ ಉಪ್ಪು ಸುರಿಯಬೇಡಿ, ರಕ್ತದೊತ್ತಡ ಏರೀತು. ನಿಂಬೆ, ಕೊತ್ತಂಬರಿ, ಒಗ್ಗರಣೆಯ ಪರಿಮಳ ಹೆಚ್ಚಿಸಿ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಮೂಗಿನದೇ ಎಂಬುದನ್ನು 2020ರ ಕೋವಿಡ್ ಕಾಲ ಎಷ್ಟೋ ಮನೆಗಳಿಗೆ ತಿಳಿಸಿಕೊಟ್ಟಿತು. ಕೆಲವು ಮಾತ್ರೆಗಳಿಂದ, ಸತುವಿನ ಕೊರತೆಯಿಂದಲೂ ರುಚಿ ಕೆಡುವುದುಂಟು. ವೈದ್ಯರನ್ನು ಕೇಳಿ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತಡಮಾಡದೆ ಹಾಸನದ ಆಸ್ಪತ್ರೆಗೆ ಹೋಗಿ ತೋರಿಸಿ.

ವಿದ್ಯಾರ್ಥಿಗಳೇ, ನಾವು ಕೇಳದೆಯೇ ನಮ್ಮ ನಾಲಿಗೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಅದಕ್ಕೆ ಅಡ್ಡಬರುವ ಪೊಟ್ಟಣವನ್ನು ಬಾಯಿಗೆ ಹಾಕದಿರುವುದು ನಮ್ಮ ಕೈಯಲ್ಲಿದೆ. ಅಡುಗೆ ಮಾಡಿದವರನ್ನು ದೂರಬೇಡಿ, ಉಣ್ಣಲಾಗದವರನ್ನೂ ದೂರಬೇಡಿ.