ಎದೆಹಾಲು ಮತ್ತು ನಮ್ಮ ಮನೆತನದ ರೂಢಿಗಳು



ಗುರುಗಳಾದವರು ಇಂತಹ ವಿಷಯವನ್ನು ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವೆನಿಸೀತು. 2014ರ ಜನವರಿಯಲ್ಲಿ ಸಿಸ್ಟೈನ್ ಪ್ರಾರ್ಥನಾಮಂದಿರದಲ್ಲಿ ಶಿಶುಗಳಿಗೆ ಜ್ಞಾನಸ್ನಾನವನ್ನಿತ್ತ ಜಗದ್ಗುರು ಫ್ರಾನ್ಸಿಸರು, ಮಗು ಹಸಿದಿದ್ದರೆ ಅಲ್ಲಿಯೇ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದ್ದುಂಟು. ಅವರಿಗಿಲ್ಲದ ಸಂಕೋಚ ನಮಗೇಕೆ?

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ನೀರನ್ನೂ ಕೊಡದೆ ಕೇವಲ ಎದೆಹಾಲು, ಅನಂತರ ಮೆತ್ತನೆಯ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಮಿಗಿಲಾಗಿ ಎದೆಹಾಲು: ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ, ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲಾದವು. ಆದರೂ ಮೊದಲ ಗಂಟೆಯಲ್ಲಿ ಹಾಲುಂಡ ಮಕ್ಕಳು ನೂರಕ್ಕೆ 42ರಷ್ಟು ಮಾತ್ರ. ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆದವು. ನೋವಿನಲ್ಲಿರುವ ತಾಯಿಯ ಮಗ್ಗುಲಿಗೆ ಮಗುವನ್ನು ತಂದು ಹಿಡಿಯುವವರಿಲ್ಲದಿದ್ದರೆ ಆ ಮೊದಲ ಗಂಟೆ ಹಾಗೆಯೇ ಕಳೆದುಹೋಗುತ್ತದೆ.

ಇನ್ನು ರೂಢಿಯ ಮಾತು. ನಮ್ಮ ಸೀಮೆಯಲ್ಲಿ ಹಸು ಕರು ಹಾಕಿದರೆ ಗಿಣ್ಣುಹಾಲಿಗಾಗಿ ನೆರೆಹೊರೆಯವರೆಲ್ಲ ಕಾದಿರುತ್ತಾರೆ. ಆದರೆ ಬಾಣಂತಿಯ ಹಳದಿ ಬಣ್ಣದ ಮೊದಲ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿಸಿ, ಕೂಸಿನ ನಾಲಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರುವ ಮನೆಗಳುಂಟು! ರೋಗವನ್ನು ತಡೆಯುವ ಸತ್ತ್ವ ತುಂಬಿರುವುದು ಆ ಮೊದಲ ಹಾಲಿನಲ್ಲಿಯೇ. ಜೇನುತುಪ್ಪವಾದರೋ ವರ್ಷ ತುಂಬದ ಮಗುವಿಗೆ ಸಲ್ಲದು.

ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದರಿಂದ ತೀರ್ಮಾನ ಬಾಣಂತಿಯ ಕೈಯಲ್ಲಿರುವುದಿಲ್ಲ, ಅಜ್ಜಿಯ ಕೈಯಲ್ಲಿರುತ್ತದೆ. ಅಜ್ಜಿಯರನ್ನು ನಾವು ದೂರುತ್ತಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿಯ ಸಾರು ಮಾಡಿ ಬಡಿಸಿ ಬಾಣಂತಿಗೆ ವಿಶ್ರಾಂತಿ ಕೊಡಿಸುವವರೂ ಅವರೇ. ಆದರೆ ಮಗು ಅತ್ತಾಗಲೆಲ್ಲ "ನಿನಗೆ ಹಾಲು ಸಾಲದು ಕಣೇ" ಎಂಬ ಮಾತು ಕಿವಿಗೆ ಬಿದ್ದರೆ, ತಾಯಿ ಎದೆಗುಂದಿ ಸೀಸೆಯನ್ನು ಹಿಡಿಯುತ್ತಾಳೆ. ಮಗು ಚೀಪಿದಷ್ಟೂ ಹಾಲು ಊರುವುದು ಪ್ರಕೃತಿಯ ನಿಯಮ. ಸೀಸೆ ಬಂದರೆ ಚೀಪುವುದು ಕಡಿಮೆಯಾಗಿ, ಹಾಲೂ ನಿಜವಾಗಿಯೇ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ದುಡಿಮೆಯ ಕರೆ. ಹೊಳೆನರಸೀಪುರದ ಕಾಲುವೆ ಬಯಲಿನಲ್ಲಿ ಭತ್ತದ ನಾಟಿ, ಹಾಸನದ ಸುತ್ತ ಆಲೂಗಡ್ಡೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು: ಇವಾವುವೂ ಬಾಣಂತಿಗಾಗಿ ಕಾಯುವುದಿಲ್ಲ. ಹಸಿ ಹೊಗೆಸೊಪ್ಪಿನ ನಂಜು ಚರ್ಮದ ಮೂಲಕವೇ ಮೈಗೆ ಇಳಿಯುವುದರಿಂದ, ಸೊಪ್ಪು ಮುರಿಯುವ, ಬ್ಯಾರನ್ನಿಗೆ ಕಟ್ಟುವ ಕೆಲಸದಿಂದ ಹಾಲೂಡಿಸುವ ತಾಯಿಯನ್ನು ಬಿಡಿಸುವುದೇ ಲೇಸು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಗಳಿಗೆ ಏರಿಸಿತು. ಅದರಿಂದ ಶಿಕ್ಷಕಿಯರಿಗೆ, ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಉಪಕಾರವಾಯಿತು. ಚನ್ನರಾಯಪಟ್ಟಣದ ತೆಂಗಿನ ತೋಟದ ಕೂಲಿಯಾಳಿಗೆ ರಜೆ ಕೊಡುವವರು ಯಾರು? ಅವಳ ಗಂಡ, ಅವಳ ಅತ್ತೆ, ತೋಟದ ಯಜಮಾನರು. ಅಂತಹ ಯಜಮಾನರು ಈ ಸಭೆಯಲ್ಲಿಯೂ ಇದ್ದೀರಿ.

ಹಾಲಿನ ಪುಡಿ, ಸೀಸೆಗಳ ಜಾಹೀರಾತನ್ನೂ ಉಚಿತ ಹಂಚಿಕೆಯನ್ನೂ 1992ರ ಕಾಯಿದೆ ನಿಷೇಧಿಸಿದೆ. ಸೀಸೆಯ ರಬ್ಬರು ತೊಟ್ಟನ್ನು ಸರಿಯಾಗಿ ಕುದಿಸದಿದ್ದರೆ ಭೇದಿ ತಪ್ಪದು. ಕೆಲಸಕ್ಕೆ ಹೋಗಲೇಬೇಕಾದ ತಾಯಿ ಕೈ ತೊಳೆದು, ಶುಚಿಯಾದ ಮುಚ್ಚಳದ ಪಾತ್ರೆಗೆ ಹಾಲು ಹಿಂಡಿಟ್ಟು ಹೋಗಬಹುದು. ತಂಪಾದ ಜಾಗದಲ್ಲಿ ಸುಮಾರು 4 ಗಂಟೆ ಅದು ಕೆಡುವುದಿಲ್ಲ. ಕುಡಿಸಲು ನಮ್ಮ ಹಳೆಯ ಒಳಲೆಯೇ ಸಾಕು, ತೊಳೆಯುವುದೂ ಸುಲಭ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಬರಬೇಕೆಂಬ ಕ್ರಮವಿದೆ. ಅವರು ಬಂದಾಗ ಬಾಣಂತಿಯೊಬ್ಬಳನ್ನೇ ಕೂರಿಸಬೇಡಿ. ಅಜ್ಜಿಯನ್ನೂ ಗಂಡನನ್ನೂ ಕರೆದು ಕೂರಿಸಿ, ಅವರ ಸಂದೇಹಗಳನ್ನೂ ಅಲ್ಲಿಯೇ ಕೇಳಲಿ.