ಬಾವುಟದ ಮೇಲೆ ಬರೆದ ಬಾಳು

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)

ಸಂಗಾತಿಗಳೆ, ಅಂಗಡಿ ಬಾಗಿಲು ಹಾಕಿ ಬಂದಿರುವ ವರ್ತಕ ಬಂಧುಗಳೆ,

ನಾವು ಮೇಷ್ಟರಾಗಿದ್ದಾಗ ಸಂಸ್ಕೃತಿಯೆಂದರೆ ಅರಮನೆ, ಗೋಪುರ, ಕಿರೀಟ ಎಂದೇ ಪಾಠ ಹೇಳಿದವರು. ಒಂದು ದಿನ ಮಿಲ್ಲಿನ ಕೆಲಸಗಾರರೊಬ್ಬರ ಮಗ ಎದ್ದು ನಿಂತು, "ಇವೆಲ್ಲ ರಾಜರವು. ನಮ್ಮದು ಯಾವುದು ಸಾರ್?" ಎಂದು ಕೇಳಿದ. ಅಂದು ನಮ್ಮ ಬಾಯಿ ಕಟ್ಟಿತು. ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ.

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಡರ್ಹಮ್ ಎಂಬ ಸೀಮೆಯಿದೆ. ಒಂದು ಕಾಲಕ್ಕೆ ಲಕ್ಷಕ್ಕೂ ಮಿಕ್ಕಿ ಜನ ಅಲ್ಲಿ ನೆಲದಡಿ ಇಳಿದು ಕಲ್ಲಿದ್ದಲು ಅಗೆಯುತ್ತಿದ್ದರು. ಅವರು 1869ರಲ್ಲಿ ಸಂಘ ಕಟ್ಟಿದರು. 1871ರಲ್ಲಿ ಡರ್ಹಮ್ ಪಟ್ಟಣದಲ್ಲಿ ಮೊದಲ ಸಲ ಎಲ್ಲರೂ ಒಟ್ಟು ಸೇರಿದರು. ಅದೇ ಮುಂದೆ ಜುಲೈ ತಿಂಗಳ ಜಾತ್ರೆಯಾಯಿತು. ಅಲ್ಲಿಯ ಜನ ಅದನ್ನು 'ದೊಡ್ಡ ಸಭೆ' ಎಂದೇ ಕರೆಯುತ್ತಾರೆ. ಒಂದೊಂದು ಗಣಿಯ ಊರೂ ತನ್ನ ವಾದ್ಯಮೇಳ, ತನ್ನ ಬಾವುಟದೊಡನೆ ಬರುತ್ತದೆ. ಹೆಂಗಸರು, ಮಕ್ಕಳು, ಮುದುಕರು ಹಿಂದೆ ನಡೆಯುತ್ತಾರೆ.

ಆ ಬಾವುಟಗಳೇ ಅವರ ಚಿತ್ರಶಾಲೆ. ದೊಡ್ಡ ರೇಷ್ಮೆಯ ಬಟ್ಟೆ, ಎರಡು ಕಡೆ ಗಳ, ಗಾಳಿಗೆ ಹಾರದಂತೆ ಹಿಡಿಯಲು ಹಗ್ಗ. ಚಾಪ್‌ವೆಲ್ ಊರಿನವರ ಬಾವುಟದ ಮೇಲೆ ಮಾರ್ಕ್ಸ್, ಲೆನಿನ್, ಕೀರ್ ಹಾರ್ಡಿ ಇದ್ದಾರೆ. ಇನ್ನು ಕೆಲವದರ ಮೇಲೆ ಸಾಲುಮನೆಗಳ ಚಿತ್ರ. ದುಡಿದು ಹಣ್ಣಾದ ಗಣಿಗಾರರು ಬೀದಿಗೆ ಬೀಳಬಾರದೆಂದು ಕೆಲಸಗಾರರೇ ಕೂಲಿಯಲ್ಲಿ ವಂತಿಗೆ ಹಾಕಿ ಮಾಡಿಕೊಟ್ಟ ಮನೆಗಳವು.

ಗಣಿಯಲ್ಲಿ ಸಾವಾದ ವರ್ಷ ಆ ಊರಿನ ಬಾವುಟಕ್ಕೆ ಕಪ್ಪು ಬಟ್ಟೆ ಹೊದಿಸುವುದು ವಾಡಿಕೆ. 1951ರ ಮೇ 29ರಂದು ಈಸಿಂಗ್ಟನ್ ಗಣಿಯಲ್ಲಿ ಸ್ಫೋಟವಾಯಿತು. 81 ಕೆಲಸಗಾರರೂ ಅವರನ್ನು ಉಳಿಸಲು ಹೋದ ಇಬ್ಬರೂ ಸತ್ತರು. ಇಂಥ ಸಾವುಗಳ ಲೆಕ್ಕ ಧಣಿಗಳ ಖಾತೆ ಪುಸ್ತಕದಲ್ಲಿ ಒಂದು ಸಾಲು. ಬೀದಿಯಲ್ಲಿ ಕಪ್ಪು ಹೊದ್ದು ಸಾಗುವ ಬಾವುಟವನ್ನು ಮಾತ್ರ ಇಡೀ ಸೀಮೆ ನೋಡುತ್ತದೆ.

ಡರ್ಹಮಿನ ಮಹಾ ಇಗರ್ಜಿಯನ್ನು 1093ರಲ್ಲಿ ಕಟ್ಟಲು ತೊಡಗಿದರು. ದೇಶವಿದೇಶದ ಪ್ರವಾಸಿಗಳು ಅದರ ಕಂಬಗಳನ್ನು ನೋಡಲು ಬರುತ್ತಾರೆ. ಜಾತ್ರೆಯ ದಿನ ಆ ಕಂಬಗಳ ನಡುವೆ ವಾದ್ಯದೊಡನೆ ಗಣಿಗಾರರ ಬಾವುಟ ಸಾಗುತ್ತದೆ.

ಈಗ ಕಹಿ ಮಾತು. 1984-85ರಲ್ಲಿ ಗಣಿ ಮುಚ್ಚುವುದರ ವಿರುದ್ಧ ಹತ್ತಿರ ಹತ್ತಿರ ಒಂದು ವರ್ಷ ಮುಷ್ಕರ ನಡೆದು ಸೋತಿತು. ಡರ್ಹಮ್ ಸೀಮೆಯ ಕೊನೆಯ ಆಳದ ಗಣಿಗೆ 1993ರಲ್ಲಿ ಬೀಗ ಬಿತ್ತು. ಅದರ ಜಾಗದಲ್ಲಿ ಇಂದು ಕಾಲ್ಚೆಂಡಿನ ಮೈದಾನವಿದೆ. ಕೂಲಿ ನಿಂತ ಊರಿನಲ್ಲಿ ಅಂಗಡಿಯ ತಕ್ಕಡಿಯೂ ನಿಲ್ಲುತ್ತದೆಂಬುದನ್ನು ವರ್ತಕ ಬಂಧುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಬಾವುಟ ಹೊಟ್ಟೆ ತುಂಬಿಸೀತೆಂದು ನಾವು ಹೇಳುವುದಿಲ್ಲ.

ಆದರೂ ಜಾತ್ರೆ ನಿಂತಿಲ್ಲ. ಗಣಿಯಿಲ್ಲದ ಊರುಗಳವರು ಹರಿದ ಹಳೆಯ ಬಾವುಟ ಜೋಪಾನವಾಗಿಟ್ಟು ಹೊಸದನ್ನು ಬರೆಸಿದರು. ಇದ್ದಲನ್ನೇ ಕಾಣದ ಮೊಮ್ಮಕ್ಕಳು ಇಂದು ಅದರ ಹಗ್ಗ ಹಿಡಿಯುತ್ತಾರೆ. ಧಣಿ ಗಣಿಗೆ ಬೀಗ ಹಾಕಬಹುದು. ಅಲ್ಲಿ ದುಡಿದವರ ನೆನಪಿನ ಬೀಗದಕೈ ಅವನಲ್ಲಿಲ್ಲ.

ಸಂಗಾತಿಗಳೆ, ಸಂಘದ ಹಳೆಯ ಬಾವುಟ, ಮುಷ್ಕರದ ಕರಪತ್ರ, ಮಗ್ಗದ ಬಳಿ ಸತ್ತವರ ಹೆಸರು ನಿಮ್ಮ ಯಾರ ಪೆಟ್ಟಿಗೆಯಲ್ಲಿದ್ದರೂ ರದ್ದಿಗೆ ಹಾಕಬೇಡಿ. ಮುಂದಿನ ಭಾನುವಾರ ಇಲ್ಲಿಗೆ ತನ್ನಿರಿ. ಆ ಹುಡುಗನಿಗೆ ಉತ್ತರ ಹೇಳುವ ಕೆಲಸ ಅಲ್ಲಿಂದ ಶುರುವಾಗಲಿ.